ಹೆಡ್ ಕೆಲಸ ಆದಮೇಲೆ ಇಂಜಿನ್ ಬಿಸಿಯಾದಾಗ ಮಾತ್ರ ಮಿಸ್ಸಿಂಗ್, ಏನಿರಬಹುದು?

ಹಳೇಗಾಡಿ:
1.2 ಲೀಟರ್, 4 ಸಿಲಿಂಡರ್ ಪೆಟ್ರೋಲ್ ಕಾರು. ಹೆಡ್ ಗ್ಯಾಸ್ಕೆಟ್ ಹೋಗಿ ಕೂಲಂಟ್ ಕಡಿಮೆ ಆಗುತ್ತಾ ಇತ್ತು. ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಬಿಚ್ಚಿಸಿ ಫೇಸಿಂಗ್ ಮಾಡಿಸಿದೆ, ಅಂದರೆ ಅದರ ತಳ ಸಮ ಮಾಡಿಸಿದೆ, ಅದರ ಜೊತೆಗೇ ವಾಲ್ವ್ ಮತ್ತು ಸೀಟ್ ಗ್ರೈಂಡಿಂಗ್, ಹೊಸ ಗ್ಯಾಸ್ಕೆಟ್, ಹೊಸ ಟೈಮಿಂಗ್ ಬೆಲ್ಟ್ ಎಲ್ಲಾ ಆಯಿತು. ಕೂಲಂಟ್ ತೊಂದರೆ ಹೋಯಿತು. ಈಗ ಬೇರೆ ತಲೆನೋವು.

ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಏನೂ ತೊಂದರೆ ಇಲ್ಲ, ನೀಟಾಗಿ ಓಡುತ್ತದೆ. ಟೆಂಪರೇಚರ್ ಮುಳ್ಳು ಮಧ್ಯಕ್ಕೆ ಬಂದ ಮೇಲೆ ಐಡ್ಲಿಂಗ್‌ನಲ್ಲಿ ನಡುಕ ಶುರು, ಸ್ಟೀರಿಂಗ್ ಕೂಡ ಅದುರುತ್ತದೆ, ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂ ದಾಟಿಸಿದರೆ ಮತ್ತೆ ಸರಿ. ಗ್ಯಾರೇಜ್‌ನವರು ಪ್ಲಗ್ ಬದಲಾಯಿಸಿದರು, ಕಾಯಿಲ್ ಬದಲಾಯಿಸಿದರು, ಈಗ ಇಂಜೆಕ್ಟರ್ ಬದಲಾಯಿಸೋಣ ಅಂತಿದ್ದಾರೆ. ಸ್ಕ್ಯಾನರ್‌ನಲ್ಲಿ ಪಿ0302 ಬರುತ್ತಿದೆ. ಸುಮ್ನೆ ಒಂದೊಂದೇ ಪಾರ್ಟ್ ಹಾಕಿಸಿಕೊಂಡು ಹೋಗಲು ಮನಸ್ಸಿಲ್ಲ. ಎಲ್ಲಿಂದ ಶುರು ಮಾಡಲಿ?

ಸ್ಪ್ಯಾನರ್‌ಮ್ಯಾನ್:
ಪಿ0302 ಅಂದರೆ 2ನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್ ಆಗುತ್ತಿದೆ (ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ) ಅಂತ, ಅಷ್ಟೇ. ಯಾಕೆ ಆಗುತ್ತಿದೆ ಅಂತ ಆ ಕೋಡ್ ಹೇಳುವುದಿಲ್ಲ. ಕಿಡಿ ಇರಬಹುದು, ಪೆಟ್ರೋಲ್ ಇರಬಹುದು, ಗಾಳಿ ಇರಬಹುದು, ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ಇರಬಹುದು.

ದುಡ್ಡು ಖರ್ಚಿಲ್ಲದ ಕೆಲಸ ಮೊದಲು ಮಾಡಿ. 2ನೇ ಸಿಲಿಂಡರ್‌ನ ಕಾಯಿಲ್ ತೆಗೆದು 3ಕ್ಕೆ ಹಾಕಿ, 3ರದ್ದು 2ಕ್ಕೆ. ಕೋಡ್ ಅಳಿಸಿ ಬಿಸಿಯಾಗುವವರೆಗೆ ಓಡಿಸಿ. ಪಿ0303 ಬಂದರೆ ಕಾಯಿಲ್‌ನದ್ದೇ ತಪ್ಪು. ಮತ್ತೆ ಪಿ0302 ಬಂದರೆ ಪ್ಲಗ್, ಇಂಜೆಕ್ಟರ್ ಕೂಡ ಹೀಗೇ ಅದಲು ಬದಲು ಮಾಡಿ ನೋಡಿ. ಹೊಸ ಪ್ಲಗ್ ಅಂತ ಸುಮ್ನಿರಬೇಡಿ, ಹಾಕುವಾಗ ಸಾಕೆಟ್ ಓರೆಯಾದರೆ ಬಿಳಿ ಪಿಂಗಾಣಿ ಕೂದಲೆಳೆಯಷ್ಟು ಬಿರಿದಿರುತ್ತದೆ, ಕಣ್ಣಿಗೆ ಕಾಣುವುದೂ ಕಷ್ಟ.

ಇನ್ನೊಂದು, ಹೆಡ್ ಬಿಚ್ಚಿದ್ದಾರೆ ಅಂದಮೇಲೆ ಇನ್‌ಟೇಕ್ ಮ್ಯಾನಿಫೋಲ್ಡ್ ಕೂಡ ಬಿಚ್ಚಿರುತ್ತಾರೆ. ಆ ಗ್ಯಾಸ್ಕೆಟ್, ಬ್ರೇಕ್ ಬೂಸ್ಟರ್ ಪೈಪ್, ಪಿಸಿವಿ ಪೈಪ್ (ಇಂಜಿನ್ ಒಳಗಿನ ಹೊಗೆಯನ್ನು ಇನ್‌ಟೇಕ್‌ಗೆ ಎಳೆಯುವ ಪೈಪ್), ಇಂಜೆಕ್ಟರ್ ಕೆಳಗಿನ ರಬ್ಬರ್ ರಿಂಗ್, ಇವೆಲ್ಲ ನೋಡಿ. ಎಲ್ಲೋ ಒಂದು ಕಡೆ ಗಾಳಿ ಎಳೆಯುತ್ತಿರಬಹುದು. ಮ್ಯಾನಿಫೋಲ್ಡ್ ಸುತ್ತ ಕಾರ್ಬ್ ಕ್ಲೀನರ್ ಸ್ವಲ್ಪ ಸ್ವಲ್ಪ ಹೊಡೆದರೆ ಲೀಕ್ ಇರುವ ಜಾಗದಲ್ಲಿ ಐಡ್ಲಿಂಗ್ ಬದಲಾಗುತ್ತದೆ. ಎಗ್ಸಾಸ್ಟ್ ಕಡೆ ಮಾತ್ರ ಹೊಡೆಯಬೇಡಿ, ಬೆಂಕಿ ಹತ್ತುವ ವಸ್ತು ಅದು.

ನಿಧಾನಗಾಮಿ:
ಬೆಲ್ಟ್ ಒಂದು ಹಲ್ಲು ಆಚೀಚೆ ಕೂತಿರಬಹುದು ಅಲ್ವಾ? ಬೆಲ್ಟ್ ಹಾಕಿದ ಮೇಲೆ ಕೈಯಿಂದ ಎರಡು ಸುತ್ತು ತಿರುಗಿಸಿ ಮಾರ್ಕ್ ಮತ್ತೆ ನೋಡಬೇಕು, ಜಾಸ್ತಿ ಜನ ಅದನ್ನು ಮಾಡುವುದೇ ಇಲ್ಲ.

ಟ್ಯಾಪೆಟ್‌ಪ್ರಿಯ:
ಬೆಲ್ಟ್ ಹಲ್ಲು ತಪ್ಪಿದ್ದರೆ ನಾಲ್ಕೂ ಸಿಲಿಂಡರ್ ಅನುಭವಿಸಬೇಕಿತ್ತು, ತಣ್ಣಗಿದ್ದಾಗಲೂ ಪಿಕಪ್ ಸತ್ತಿರುತ್ತಿತ್ತು. ಇಲ್ಲಿ ಒಂದೇ ಸಿಲಿಂಡರ್, ಅದೂ ಬಿಸಿಯಾದ ಮೇಲೆ. ಸ್ಪ್ಯಾನರ್‌ಮ್ಯಾನ್ ಹೇಳಿದ ಹಾಗೆ ಗಾಳಿ ಎಳೆಯುತ್ತಿದ್ದರೆ, ಅಂದರೆ ವ್ಯಾಕ್ಯೂಮ್ ಲೀಕ್ ಇದ್ದರೆ, ಸಾಮಾನ್ಯವಾಗಿ ತಣ್ಣಗಿದ್ದಾಗಲೇ ಜಾಸ್ತಿ ಗೊತ್ತಾಗುತ್ತದೆ, ಬಿಸಿಯಾದಂತೆ ಗ್ಯಾಸ್ಕೆಟ್ ಹಿಗ್ಗಿ ಸ್ವಲ್ಪ ಮುಚ್ಚಿಕೊಳ್ಳುವುದೂ ಉಂಟು. ನಿಮ್ಮದು ಉಲ್ಟಾ.

ನನಗೆ ಅನುಮಾನ ಇರುವುದು ಟ್ಯಾಪೆಟ್ ಮೇಲೆ, ಅಂದರೆ ಕ್ಯಾಮ್‌ನ ಒತ್ತನ್ನು ವಾಲ್ವ್‌ಗೆ ದಾಟಿಸುವ ಭಾಗದ ಮೇಲೆ. ವಾಲ್ವ್ ಮತ್ತು ಸೀಟ್ ಗ್ರೈಂಡ್ ಮಾಡಿದರೆ ವಾಲ್ವ್ ಸೀಟ್ ಒಳಗೆ ಸ್ವಲ್ಪ ಆಳಕ್ಕೆ ಕೂರುತ್ತದೆ. ಅದರ ಬಾಲ, ಅಂದರೆ ಸ್ಟೆಮ್, ಅಷ್ಟೇ ಮೇಲಕ್ಕೆ ಬರುತ್ತದೆ. ಹಾಗಾದರೆ ಸ್ಟೆಮ್‌ಗೂ ಟ್ಯಾಪೆಟ್‌ಗೂ ನಡುವಿನ ಗ್ಯಾಪ್ ಕಡಿಮೆಯಾಯಿತು. ಇಂಜಿನ್ ತಣ್ಣಗಿದ್ದಾಗ ಉಳಿದ ಚೂರು ಗ್ಯಾಪ್ ಸಾಕಾಗುತ್ತದೆ, ಬಿಸಿಯಾಗಿ ಸ್ಟೆಮ್ ಉದ್ದವಾದಾಗ ಗ್ಯಾಪ್ ಪೂರ್ತಿ ಹೋಗಿ ವಾಲ್ವ್ ಮುಚ್ಚುವುದೇ ಇಲ್ಲ, ಕಂಪ್ರೆಷನ್ ಅಲ್ಲಿಂದಲೇ ಸೋರಿ ಹೋಗುತ್ತದೆ. ಎಗ್ಸಾಸ್ಟ್ ವಾಲ್ವ್ ಜಾಸ್ತಿ ಬಿಸಿಯಾಗುವುದರಿಂದ ಅದರಲ್ಲೇ ಇದು ಮೊದಲು ಆಗುವುದು. ಆರ್‌ಪಿಎಂ ಏರಿದರೆ ಯಾಕೆ ಸರಿಯಾಗುತ್ತದೆ ಅಂದರೆ, ಪಿಸ್ಟನ್ ವೇಗವಾಗಿ ಮೇಲೆ ಬಂದಾಗ ಗಾಳಿ ಸೋರಲು ಸಮಯವೇ ಸಿಗುವುದಿಲ್ಲ.

ಸದ್ದು ಇಲ್ಲವಲ್ಲ ಅಂತ ಗ್ಯಾರೇಜ್‌ನವರು ಹೇಳಬಹುದು. ಟ್ಯಾಪೆಟ್ ಲೂಸ್ ಆದರೆ ಟಕಟಕ ಅನ್ನುತ್ತದೆ, ಟೈಟ್ ಆದರೆ ಬಾಯೇ ಬಿಡುವುದಿಲ್ಲ. ಹೈಡ್ರಾಲಿಕ್ ಟ್ಯಾಪೆಟ್ ಇರುವ ಇಂಜಿನ್ ಆದರೆ ಈ ಗ್ಯಾಪ್ ತಾನೇ ಹೊಂದಿಕೊಳ್ಳುತ್ತದೆ, ಆಗ ನನ್ನ ಮಾತು ಅಷ್ಟಾಗಿ ಹೊಂದುವುದಿಲ್ಲ. ನಿಮ್ಮದು ಸ್ಕ್ರೂ ಇರುವ ತರಹದ್ದಾ?

ಕಂಪ್ರೆಷನ್ ಟೆಸ್ಟ್ ತಣ್ಣಗೊಮ್ಮೆ, ಬಿಸಿಯಾಗೊಮ್ಮೆ ಮಾಡಿಸಿ. ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಮಾಡಬೇಕು. ಆಕ್ಸಿಲರೇಟರ್ ಒತ್ತದೆ ಮಾಡಿದರೆ ಬರುವ ಲೆಕ್ಕಕ್ಕೆ ಅರ್ಥವಿಲ್ಲ.

ಹಳೇಗಾಡಿ:
ಸ್ಕ್ರೂ ತರಹದ್ದೇ. ಕಾಯಿಲ್, ಪ್ಲಗ್, ಇಂಜೆಕ್ಟರ್ ಎಲ್ಲಾ 2 ಮತ್ತು 3ರ ನಡುವೆ ಬದಲಾಯಿಸಿ ನೋಡಿದೆ, ಕೋಡ್ 2 ಬಿಟ್ಟು ಕದಲಲಿಲ್ಲ. ಸ್ಪ್ರೇ ಹೊಡೆದರೂ ಐಡ್ಲಿಂಗ್ ಬದಲಾಗಲಿಲ್ಲ. ಕಂಪ್ರೆಷನ್ ತಣ್ಣಗೆ ಮಾಡಿದಾಗ ನಾಲ್ಕರಲ್ಲೂ 12 ಬಾರ್ ಆಸುಪಾಸು. ಬಿಸಿಯಾದ ಮೇಲೆ 1, 3, 4 ಹಾಗೇ ಇವೆ, 2ನೇದು 8 ಬಾರ್! ಸಿಲಿಂಡರ್ ಒಳಗೆ ಚೂರು ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೂ ಏರಲಿಲ್ಲ.

ಸ್ಪ್ಯಾನರ್‌ಮ್ಯಾನ್:
ಆಯಿಲ್ ಬಿಟ್ಟರೂ ಏರದಿದ್ದರೆ ಪಿಸ್ಟನ್ ರಿಂಗ್ ಅಲ್ಲ. ವಾಲ್ವ್ ಅಥವಾ ಗ್ಯಾಸ್ಕೆಟ್. ಟ್ಯಾಪೆಟ್‌ಪ್ರಿಯ ಹೇಳಿದ್ದಕ್ಕೇ ನನ್ನ ಓಟು. ಇಂಜೆಕ್ಟರ್ ಕೊಳ್ಳಬೇಡಿ.

ಟ್ಯಾಪೆಟ್‌ಪ್ರಿಯ:
ವಾಲ್ವ್ ಕವರ್ ಬಿಚ್ಚಿ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಲೋಹದ ಎಲೆಗಳು) ಹಾಕಿ. ಇಂಜಿನ್ ಪೂರ್ತಿ ತಣ್ಣಗಾಗಿರಬೇಕು, ರಾತ್ರಿಯಿಡೀ ನಿಂತ ಗಾಡಿ ಆದರೆ ಒಳ್ಳೆಯದು. ಯಾವ ಸಿಲಿಂಡರ್ ಅಳೆಯುತ್ತೀರೋ ಅದರ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕ್‌ನ ತುದಿಯಲ್ಲಿರಬೇಕು, ಎರಡೂ ಕ್ಯಾಮ್ ಮೂಗು ವಾಲ್ವ್ ಒತ್ತದೆ ಬಿಟ್ಟಿರಬೇಕು. ಎಷ್ಟೋ ಸಣ್ಣ ಇಂಜಿನ್‌ಗಳಲ್ಲಿ ಇನ್‌ಟೇಕ್ 0.15ರಿಂದ 0.20 ಮಿ.ಮೀ., ಎಗ್ಸಾಸ್ಟ್ 0.25ರಿಂದ 0.30ರ ಹತ್ತಿರ ಇರುತ್ತದೆ. ನಿಮ್ಮ ಗಾಡಿಯದ್ದು ಮ್ಯಾನುವಲ್‌ನಲ್ಲೇ ನೋಡಿ, ನನ್ನ ಲೆಕ್ಕ ಹಿಡಿದು ಸೆಟ್ ಮಾಡಬೇಡಿ. ಲಾಕ್ ನಟ್ ಬಿಗಿ ಮಾಡಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿ ಮಾಡುವಾಗ ಸ್ಕ್ರೂ ಚೂರು ತಿರುಗಿಬಿಡುತ್ತದೆ.

ಅಲ್ಲಿಯವರೆಗೆ ಗಾಡಿ ಜಾಸ್ತಿ ಓಡಿಸಬೇಡಿ. ವಾಲ್ವ್ ಸೀಟಿಗೆ ಒತ್ತಿ ಕೂತರೆ ಮಾತ್ರ ಅದರ ಬಿಸಿ ಹೆಡ್‌ಗೆ ಇಳಿಯುತ್ತದೆ, ಕೂರದಿದ್ದರೆ ಅಂಚು ಸುಡುತ್ತದೆ. ಉರಿಯದ ಪೆಟ್ರೋಲ್ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅದನ್ನೂ ಹಾಳು ಮಾಡುತ್ತದೆ. ಚೆಕ್ ಇಂಜಿನ್ ಲೈಟ್ ಮಿನುಗಲು ಶುರುವಾದರೆ ಗಾಡಿ ನಿಲ್ಲಿಸಿಬಿಡಿ.

ಹಳೇಗಾಡಿ:
ನೋಡಿಸಿದೆ. 2ನೇ ಸಿಲಿಂಡರ್ ಎಗ್ಸಾಸ್ಟ್‌ನಲ್ಲಿ 0.05ರ ಎಲೆಯೂ ಹೋಗಲಿಲ್ಲ. 4ರಲ್ಲಿ ಕೂಡ ಸ್ವಲ್ಪ ಟೈಟ್. ಎಲ್ಲಾ ಎಂಟೂ ಮ್ಯಾನುವಲ್ ಪ್ರಕಾರ ಸೆಟ್ ಮಾಡಿದರು, ಈಗ ಬಿಸಿಯಲ್ಲೂ ಐಡ್ಲಿಂಗ್ ನಿಂತಿದೆ, ಕೋಡ್ ಇಲ್ಲ. ಆದರೆ 2ನೇದು ಬಿಸಿಯಲ್ಲಿ 11 ಬಾರ್ ಮಾತ್ರ ತೋರಿಸುತ್ತಿದೆ. ವಾಲ್ವ್ ಸುಟ್ಟಿರಬಹುದಾ?

ಟ್ಯಾಪೆಟ್‌ಪ್ರಿಯ:
12ಕ್ಕೆ 11, ಅಷ್ಟು ವ್ಯತ್ಯಾಸ ನಡೆಯುತ್ತದೆ. ಸಮಾಧಾನ ಆಗದಿದ್ದರೆ ಲೀಕ್‌ಡೌನ್ ಟೆಸ್ಟ್ ಮಾಡಿಸಿ: ಸಿಲಿಂಡರ್‌ಗೆ ಗಾಳಿ ಬಿಟ್ಟಾಗ ಸೈಲೆನ್ಸರ್ ಕಡೆ ಜೋರಾಗಿ ಬುಸ್ ಅಂದರೆ ಎಗ್ಸಾಸ್ಟ್ ವಾಲ್ವ್, ಥ್ರಾಟಲ್ ಕಡೆ ಅಂದರೆ ಇನ್‌ಟೇಕ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ನಾನಾದರೆ ಸಾವಿರ ಕಿಲೋಮೀಟರ್ ಓಡಿಸಿ, ಆ ಎರಡು ಎಗ್ಸಾಸ್ಟ್ ಗ್ಯಾಪ್ ಮತ್ತೆ ಅಳೆಯುತ್ತೇನೆ. ಹೊಸದಾಗಿ ಗ್ರೈಂಡ್ ಆದ ಸೀಟ್ ಇನ್ನೂ ಸ್ವಲ್ಪ ಕೂರುತ್ತದೆ.