ಮುಕ್ಕಾಲು ಜಿಬಿ ಜಗಳ

ಗುಂಪಿನಲ್ಲಿ ಗುಡ್ ಮಾರ್ನಿಂಗ್ ಹೂವುಗಳು ಇನ್ನೂ ಮುಗಿದಿರಲಿಲ್ಲ, ಬ್ರಹ್ಮಾವರದ ಅತ್ತೆಯ ಫಾರ್ವರ್ಡ್ ಬಂತು.

"ಎಚ್ಚರ! ನಿಮ್ಮ ಕಂಪ್ಯೂಟರಿನ ಮೆಮೊರಿ ಕಳ್ಳತನ! ದುಡ್ಡು ಕೊಟ್ಟದ್ದು 4 ಜಿಬಿಗೆ, ತೋರಿಸುವುದು 3.25. ಅಂಗಡಿಯವರು ಇದನ್ನು ಹೇಳುವುದಿಲ್ಲ. ಎಂಎಸ್‌ಕಾನ್ಫಿಗ್ ತೆರೆಯಿರಿ, ಬೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಹಾಕಿ. ಕದ್ದ ಮೆಮೊರಿ ವಾಪಸ್! ಎಲ್ಲ ಗುಂಪಿಗೂ ಕಳಿಸಿ."

ಅದರ ಕೆಳಗೆ ಅತ್ತೆಯದೇ ಒಂದು ಸಾಲು: "ನಾನು ಆವಾಗಲೇ ಹೇಳಿದ್ದೆ."

ಈ ಸಾಲು ಯಾರಿಗೆ ಅಂತ ಎಲ್ಲರಿಗೂ ಗೊತ್ತು. ಕಲ್ಸಂಕದ ಭಾವನಿಗೆ. ವಿಂಡೋಸ್ 7 ಕಾಲದಲ್ಲಿ ಅತ್ತೆಯ ಕಂಪ್ಯೂಟರಿಗೆ 2 ಜಿಬಿಯ ಇನ್ನೊಂದು ಮೆಮೊರಿ ಕಡ್ಡಿ ಹಾಕಿಸಿಕೊಟ್ಟವನು ಅವನು. ಎರಡು ಮತ್ತೆರಡು ನಾಲ್ಕಾಗಬೇಕಿತ್ತು, ಪರದೆಯಲ್ಲಿ ಮೂರೂಕಾಲು ಬಂತು. ಮುಕ್ಕಾಲು ಎಲ್ಲಿ ಹೋಯಿತು ಅಂತ ಅತ್ತೆ ಕೇಳಿದ್ದಕ್ಕೆ "ಅದು ಹಾಗೇ ಅತ್ತೆ" ಅಂದನಂತೆ. ಅವತ್ತು ಅವರು ಸುಮ್ಮನಾದರು, ಆದರೆ ಮರೆಯಲಿಲ್ಲ.

ಸುರತ್ಕಲ್ ಅಣ್ಣ: "ಮೂಲ ಯಾವುದು?"

ಇವನು ಪ್ರತಿ ಫಾರ್ವರ್ಡಿಗೂ ಇದನ್ನೇ ಬರೆಯುತ್ತಾನೆ. ಅಜ್ಜಿಯ ಕಷಾಯಕ್ಕೂ ಬರೆದಿದ್ದ.

ಅತ್ತೆ: "ಮೂಲ ನನ್ನ ಮನೆಯ ಕಂಪ್ಯೂಟರು. ಬಂದು ನೋಡು."

ಭಾವ: "ಅತ್ತೆ, ಅದರಲ್ಲಿ ಇದ್ದದ್ದು 32 ಬಿಟ್ ವಿಂಡೋಸ್. 32 ಬಿಟ್ ಅಂದರೆ ಒಟ್ಟು 4,29,49,67,296 ವಿಳಾಸ, ಒಂದಕ್ಕೆ ಒಂದು ಬೈಟ್, ಅಲ್ಲಿಗೆ 4 ಜಿಬಿ. ಆದರೆ ಆ ನಂಬರೆಲ್ಲ ಕಡ್ಡಿಯ ಮೆಮೊರಿಗೆ, ಅಂದರೆ ರ‍್ಯಾಮಿಗೇ ಸಿಗುವುದಿಲ್ಲ. ಗ್ರಾಫಿಕ್ಸ್ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಕಂಪ್ಯೂಟರನ್ನು ಎಬ್ಬಿಸುವ ಬಯೋಸ್ ಚಿಪ್ಪು, ಎಲ್ಲದಕ್ಕೂ ಅದೇ ಪಟ್ಟಿಯಿಂದ ಕೊಡಬೇಕು. ಡೋರ್ ನಂಬರ್ ಸಿಗದ ಮನೆಗೆ ಪೋಸ್ಟ್ ಬರುವುದಿಲ್ಲ ಅಲ್ವಾ, ಹಾಗೆ. ಕಡ್ಡಿ ಪೂರ್ತಿ ಇತ್ತು, ಮುಕ್ಕಾಲು ಜಿಬಿಗೆ ನಂಬರ್ ಇರಲಿಲ್ಲ. ಯಾರೂ ಕದ್ದಿಲ್ಲ ಮಾರ್ರೆ."

ಉತ್ತರ ಸರಿಯಾಗಿಯೇ ಉಂಟು. ಅವತ್ತೇ ಹೀಗೆ ಬಿಡಿಸಿ ಹೇಳಿದ್ದರೆ ಇವತ್ತಿನ ಬೆಳಿಗ್ಗೆ ಎಲ್ಲರೂ ಆರಾಮಾಗಿ ತಿಂಡಿ ತಿನ್ನಬಹುದಿತ್ತು.

ಸುರತ್ಕಲ್ ಅಣ್ಣ: "ಅರ್ಧ ಸತ್ಯ. 1995ರ ಪೆಂಟಿಯಂ ಪ್ರೊ ಪ್ರೊಸೆಸರಿನಲ್ಲೇ 36 ಬಿಟ್ ವಿಳಾಸ ಇತ್ತು, 64 ಜಿಬಿ ತನಕ ಹೋಗುತ್ತದೆ. 32 ಬಿಟ್ ಲಿನಕ್ಸ್ ಅದನ್ನು ಬಳಸುತ್ತಿತ್ತು, ವಿಂಡೋಸಿನ ಕೆಲವು ಸರ್ವರ್ ಆವೃತ್ತಿಗಳೂ ಬಳಸುತ್ತಿದ್ದವು. ಮನೆಯ ವಿಂಡೋಸಿಗೆ ಮಾತ್ರ 4 ಜಿಬಿಯ ಮಿತಿ ಇಟ್ಟರು, ಅದರಿಂದ ಮೇಲೆ ಹೋದರೆ ಬಿಡಿಭಾಗಗಳನ್ನು ನಡೆಸುವ ಹಲವು ಡ್ರೈವರ್ ಪ್ರೋಗ್ರಾಂಗಳು ಕೈಕೊಡುತ್ತಿದ್ದವು ಅಂತ."

ಇಷ್ಟರಲ್ಲಿ ಅತ್ತೆ ಓದಿದ್ದು ಮೊದಲ ಎರಡು ಪದ.

ಅತ್ತೆ: "ನೋಡಿದ್ರಾ, ಸುರತ್ಕಲ್ಲಿನವನೇ ಹೇಳಿದ, ಅರ್ಧ ಸುಳ್ಳು ಅಂತ."

ದೊಡ್ಡಪ್ಪ: "ಮೆಮೊರಿ ಇರಬೇಕಾದ್ದು ತಲೆಯಲ್ಲಿ. ಹತ್ತೊಂಬತ್ತರ ಮಗ್ಗಿ ತಡವರಿಸದೆ ಹೇಳುವ ಒಬ್ಬ ಹುಡುಗ ಈ ಗುಂಪಿನಲ್ಲಿ ಇದ್ದಾನಾ? ನಮ್ಮ ಕಾಲದಲ್ಲಿ ಸ್ಲೇಟು ಒರೆಸಿದರೂ ಪಾಠ ಅಳಿಸುತ್ತಿರಲಿಲ್ಲ."

ಸೊಸೆಯಂದಿರೆಲ್ಲ ಸಾಲಾಗಿ ಕೈಮುಗಿದರು.

ಕದ್ರಿಯ ಚಿಕ್ಕಮ್ಮ: "ನಮ್ಮ ಹೊಸ ಲ್ಯಾಪ್‌ಟಾಪಿನಲ್ಲಿ 8 ಜಿಬಿ ಅಂತ ಉಂಟು, ಪಕ್ಕದಲ್ಲಿ 7.4 ಯೂಸೆಬಲ್ ಅಂತ ಉಂಟು. ಅದೂ 32 ಬಿಟ್ಟಾ?"

ಭಾವ: "ಅಲ್ಲ ಚಿಕ್ಕಮ್ಮ, ಅದು 64 ಬಿಟ್. ಅದರಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ, ಹಾಗಾಗಿ ಪರದೆಯ ಕೆಲಸಕ್ಕೆ ರ‍್ಯಾಮಿನಿಂದಲೇ ಒಂದು ಪಾಲು ತೆಗೆದಿಡುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಮೆಮೊರಿ ನೋಡಿ. ಹಾರ್ಡ್‌ವೇರ್ ರಿಸರ್ವ್‌ಡ್ ಅಂತ ಬರೆದಿರುತ್ತದೆ."

ದೊಡ್ಡಪ್ಪ: "ಪಾಲಿನ ವಿಷಯ ಗುಂಪಿನಲ್ಲಿ ಎತ್ತಬಾರದೆಂದು ಮಾತಾಗಿತ್ತು."

ಕಾರ್ಕಳದ ಮಾವ: "ನನ್ನ 1 ಟಿಬಿ ಡಿಸ್ಕು 931 ತೋರಿಸುತ್ತದೆ. ಅದನ್ನೂ ಪರದೆಯೇ ತಿಂದದ್ದಾ?"

ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಡಿಸ್ಕ್ ಮಾರುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಹೇಳುವಷ್ಟರಲ್ಲಿ ಅಬುಧಾಬಿ ಚಿಕ್ಕಪ್ಪ ಎದ್ದರು.

ಅಬುಧಾಬಿ ಚಿಕ್ಕಪ್ಪ: "ಹಂಪನಕಟ್ಟೆಯ ಕಂಪ್ಯೂಟರ್ ಕ್ಲಾಸು ನೆನಪುಂಟಾ ಯಾರಿಗಾದರೂ? ಚಪ್ಪಲಿ ಹೊರಗೆ ಬಿಟ್ಟು ಎಸಿ ರೂಮಿಗೆ ಹೋಗಬೇಕು, ದೇವಸ್ಥಾನಕ್ಕೆ ಹೋದ ಹಾಗೆ. ವಿಂಡೋಸಿಗಿಂತ ಮೊದಲಿನ ಡಾಸ್‌ನಲ್ಲಿ ಗೇಮ್ ಹಾಕಿದರೆ ಮೆಮೊರಿ ಸಾಲದು ಅಂತ ಬೈಗುಳ. ಮಿಷಿನಿನಲ್ಲಿ 1 ಎಂಬಿ ಇದ್ದರೂ ಡಾಸ್‌ಗೆ 640 ಕೆಬಿ ಮಾತ್ರ, ಮೇಲಿನ 384 ಸ್ಕ್ರೀನಿಗೆ, ಬಯೋಸಿಗೆ. ಕಾನ್ಫಿಗ್ ಫೈಲಿನಲ್ಲಿ ಮೆಮೊರಿ ಹೊಂದಿಸುವ ಹೈಮೆಮ್ ಸಾಲು ಬರೆದು ಒದ್ದಾಡುತ್ತಿದ್ದೆವು. ಆಮೇಲೆ ಎಲ್ಲರೂ ಸೇರಿ ಗಡ್‌ಬಡ್ ಐಸ್‌ಕ್ರೀಂ ತಿನ್ನುವುದು. ಆ ಗಡ್‌ಬಡ್ ಈಗ ಎಲ್ಲಿ ಮಾರಾಯ."

ಚಿಕ್ಕಪ್ಪ ಸುಮ್ನೆ ಹಳೆಯ ಕಥೆ ಬರೆದದ್ದು, ಆದರೆ ಇಡೀ ಚರ್ಚೆಯ ಉತ್ತರ ಅದರೊಳಗೇ ಇತ್ತು. 1981ರ ಐಬಿಎಂ ಪಿಸಿಯ ಪ್ರೊಸೆಸರಿಗೆ 20 ವಿಳಾಸದ ತಂತಿ, ಅಂದರೆ 1 ಎಂಬಿ. ಅದರ ಮೇಲ್ತುದಿಯನ್ನು ಸ್ಕ್ರೀನಿಗೂ ಬಯೋಸಿಗೂ ಬಿಟ್ಟಿದ್ದರು. ತಂತಿ 20 ಹೋಗಿ 32 ಆಯಿತು, ಮೇಲ್ತುದಿ ಬಿಟ್ಟುಕೊಡುವ ಪದ್ಧತಿ ಹೋಗಲಿಲ್ಲ. ಆಗಿನ 640 ಕೆಬಿಯೇ ಅತ್ತೆಯ 3.25 ಜಿಬಿ. ಯಾರ ಗಮನಕ್ಕೂ ಬರಲಿಲ್ಲ. ಆಮೇಲಿನ ಮೆಸೇಜುಗಳೆಲ್ಲ ಗಡ್‌ಬಡ್ ಮೇಲೆ. ಒಳ್ಳೆಯದು ಉಡುಪಿಯದ್ದಾ ಮಂಗಳೂರಿನದ್ದಾ, ಜೆಲ್ಲಿ ಜಾಸ್ತಿ ಇರಬೇಕಾ ಹಣ್ಣು ಜಾಸ್ತಿ ಇರಬೇಕಾ. ಸುರತ್ಕಲ್ ಅಣ್ಣನೂ ಇದಕ್ಕೆ ಮೂಲ ಕೇಳಲಿಲ್ಲ.

ಆಗ ಕಾಪುವಿನ ತಮ್ಮ ಬಂದ. ಪಾಪ.

ತಮ್ಮ: "ಅತ್ತೆ, ನೀವು ಕಳಿಸಿದ ಹಾಗೆ ಮಾಡಿದೆ. ಮೊದಲು 8 ಜಿಬಿಯಲ್ಲಿ ಹತ್ತಿರ ಹತ್ತಿರ ಪೂರ್ತಿ ಸಿಗುತ್ತಿತ್ತು. ಈಗ 4 ಕೂಡ ಇಲ್ಲ. ಬ್ರೌಸರ್ ತೆರೆದರೆ ನಿಂತೇ ಹೋಗುತ್ತದೆ."

ಟಿಕ್ ಹಾಕಿ 4096 ಎಂಬಿ, ಅಂದರೆ 4 ಜಿಬಿ ಅಂತ ಬರೆದಿದ್ದನಂತೆ. ಆ ಮ್ಯಾಕ್ಸಿಮಮ್ ಮೆಮೊರಿ ಇರುವುದೇ ವಿಂಡೋಸಿಗೆ ಕಡಿಮೆ ಕೊಡಲು. ಕಡಿಮೆ ರ‍್ಯಾಮಿನ ಮಿಷಿನಿನಲ್ಲಿ ಪ್ರೋಗ್ರಾಂ ಹೇಗೆ ಓಡುತ್ತದೆ ಅಂತ ಪರೀಕ್ಷೆ ಮಾಡುವವರಿಗೆ ಅದು ಬೇಕು. ಅಲ್ಲಿ ಬರೆದ ಸಂಖ್ಯೆಗಿಂತ ಮೇಲಿನದೆಲ್ಲ ಹಾರ್ಡ್‌ವೇರ್ ರಿಸರ್ವ್‌ಡ್ ಲೆಕ್ಕಕ್ಕೆ ಹೋಗುತ್ತದೆ. ಫಾರ್ವರ್ಡು ಹೇಳಿದ ಮದ್ದೇ ಕಾಯಿಲೆ.

ಭಾವ: "ಟಿಕ್ ತೆಗೆ. ರೀಸ್ಟಾರ್ಟ್ ಮಾಡು."

ತಮ್ಮ: "ಬಂತು ಭಾವ."

ಸುರತ್ಕಲ್ ಅಣ್ಣ: "ಕಳ್ಳ ಸಿಕ್ಕಿದ ಹಾಗಾಯಿತು."

ಅತ್ತೆ: "ನಾನು ಬರೆದದ್ದಲ್ಲ, ಬಂದದ್ದನ್ನು ಕಳಿಸಿದೆ. ಕಂಡಕಂಡಲ್ಲಿ ಟಿಕ್ ಹಾಕುವವನಿಗೆ ಬುದ್ಧಿ ಬೇಡವಾ?"

ಜಗಳ ತಣ್ಣಗಾಗಲಿ ಅಂತ ನಾನೂ ಒಂದು ಮಾತು ಹಾಕಿದೆ. ಚೂರುಪಾರು ಕಡಿಮೆ ತೋರಿಸಿದರೆ ಹೆದರಬೇಡಿ, 8ರಲ್ಲಿ ಬರೀ 4 ಬಂದರೆ ಮಾತ್ರ ಕಡ್ಡಿ ಸರಿ ಕೂತಿದೆಯಾ ನೋಡಿ. ನಮ್ಮೂರಿನ ಮಳೆಗಾಲದ ತೇವಕ್ಕೆ ಅದರ ಕಾಲುಗಳು ಮಂಕಾಗುತ್ತವೆ. ಕರೆಂಟ್ ತೆಗೆದು, ಕಡ್ಡಿ ಎಳೆದು, ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಕ್ಲಿಪ್ ಟಕ್ ಅನ್ನುವ ತನಕ ಒತ್ತಿ.

ಅತ್ತೆ: "ಕಡ್ಡಿ ಅಂದಾಗ ನೆನಪಾಯಿತು. ನನ್ನ ಹಳೆಯ ಕಂಪ್ಯೂಟರಿನ ಕಡ್ಡಿ ಎಲ್ಲಿ?"

ಭಾವ ತುಂಬಾ ಹೊತ್ತು ಟೈಪ್ ಮಾಡಿದ.

ಭಾವ: "ಅತ್ತೆ, ಅದು ಡಿಡಿಆರ್2, ಹಳೆಯ ನಮೂನೆಯದ್ದು. ಈಗಿನ ಬೋರ್ಡಿಗೆ ಕೂರುವುದೇ ಇಲ್ಲ, ಕಚ್ಚು ಇರುವ ಜಾಗವೇ ಬೇರೆ. ಯಾವ ಪ್ರಯೋಜನಕ್ಕೂ ಇಲ್ಲದ್ದು."

ಅತ್ತೆ: "ಪ್ರಯೋಜನ ಇಲ್ಲದ್ದನ್ನು ನೀನು ಯಾಕೆ ತೆಗೆದುಕೊಂಡು ಹೋದದ್ದು?"

ಅಕ್ಕ: "ನಮ್ಮ ಕಪಾಟಿನಲ್ಲಿ ಉಂಟು ಅತ್ತೆ. ನಾಳೆ ಇವರ ಹತ್ತಿರ ಕಳಿಸುತ್ತೇನೆ."

ಅತ್ತೆ: "ಎರಡೂ ಉಂಟಾ ನೋಡು."