ಟಚ್ ಫುಟ್ಬಾಲ್: ಎದುರಾಳಿ ಮುಟ್ಟಿದ ಮೇಲೆ ಚೆಂಡನ್ನು ಏನು ಮಾಡಬೇಕು?

ಹೊಸ ಆಟಗಾರ್ತಿ:
ಎಲ್ಲರಿಗೂ ನಮಸ್ಕಾರ. ಎರಡು ವಾರಗಳಿಂದ ಟಚ್ ಫುಟ್ಬಾಲ್ ಅಭ್ಯಾಸಕ್ಕೆ ಹೋಗುತ್ತಿದ್ದೇನೆ. ಹೆಸರಿನಲ್ಲಿ ಫುಟ್ಬಾಲ್ ಇದ್ದರೂ ಚೆಂಡನ್ನು ಒದೆಯುವಂತಿಲ್ಲ, ಕೈಯಲ್ಲಿ ಹಿಡಿದು ಓಡಬೇಕು, ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ ಮಾತ್ರ ಎಸೆಯಬೇಕು ಎಂಬಷ್ಟು ತಿಳಿದಿದೆ. ಆದರೆ ಮೊನ್ನೆಯ ಆಟದಲ್ಲಿ ಎದುರಾಳಿಯ ಬೆರಳು ನನ್ನ ಅಂಗಿಯ ಅಂಚಿಗೆ ತಗುಲಿದ ಮರುಕ್ಷಣವೇ ನಾನು ಚೆಂಡನ್ನು ಜೊತೆಗಾರ್ತಿಗೆ ಎಸೆದೆ. ರೆಫರಿ ಸೀಟಿ ಊದಿ ಚೆಂಡನ್ನು ಎದುರು ತಂಡಕ್ಕೆ ಕೊಟ್ಟುಬಿಟ್ಟರು. ಇನ್ನೊಮ್ಮೆ, ನಮ್ಮವರು ನೆಲದ ಮೇಲೆ ಉರುಳಿಸಿದ ಚೆಂಡನ್ನು ಎತ್ತಿಕೊಂಡು ಯಾರ ಕೈಗೂ ಸಿಗದೆ ಗೆರೆ ದಾಟಿ ಊರಿದೆ. ಅದಕ್ಕೂ ಅಂಕ ಸಿಗಲಿಲ್ಲ. ಇದರ ಜೊತೆಗೆ, ಒಂದು ವಿವರಣೆಯಲ್ಲಿ ಚೆಂಡನ್ನು ಮುಂದಕ್ಕೂ ಎಸೆಯಬಹುದು ಎಂದು ಓದಿದೆ. ದಯವಿಟ್ಟು ತಿಳಿದವರು ಬಿಡಿಸಿ ಹೇಳಬೇಕು.

ಹಿರಿಯ ರೆಫರಿ:
ಮೊದಲು ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಗೊಂದಲದ ಬೇರು ಅಲ್ಲಿದೆ. ಟಚ್ ಫುಟ್ಬಾಲ್ ಎಂಬ ಒಂದೇ ಹೆಸರಿನಲ್ಲಿ ಎರಡು ಆಟಗಳಿವೆ. ಅಮೆರಿಕನ್ ಫುಟ್ಬಾಲಿನಲ್ಲಿ ಕೆಡವುವುದರ ಬದಲು ಮುಟ್ಟುವುದನ್ನು ಇಟ್ಟುಕೊಂಡ ಆಟ ಒಂದು. ಚೆಂಡನ್ನು ಮುಂದಕ್ಕೆ ಎಸೆಯುವುದಕ್ಕೆ ಅವಕಾಶವಿರುವುದು ಅದರಲ್ಲಿ. ನೀವು ಆಡುತ್ತಿರುವುದು ರಗ್ಬಿಯ ಒಂದು ಬಗೆಯಾದ ರಗ್ಬಿ ಲೀಗಿನಿಂದ ಹುಟ್ಟಿ, 1960ರ ದಶಕದಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ರೂಪುಗೊಂಡ ಆಟ. ಆದ್ದರಿಂದ ನಿಮ್ಮ ಆಟದಲ್ಲಿ ಮುಂದಕ್ಕೆ ಎಸೆದರೆ ಪೆನಾಲ್ಟಿಯೇ, ಅಂದರೆ ತಪ್ಪಿಗಾಗಿ ಚೆಂಡು ಎದುರು ತಂಡಕ್ಕೆ ಹೋಗುತ್ತದೆ.

ಇನ್ನು ಮುಟ್ಟುವುದರ ವಿಷಯ. ಮೈಗೆ, ಬಟ್ಟೆಗೆ, ಕೂದಲಿಗೆ ಅಥವಾ ನೀವು ಹಿಡಿದಿರುವ ಚೆಂಡಿಗೆ ತಗುಲಿದರೂ ಅದು ಟಚ್ ಎಂದೇ ಲೆಕ್ಕ. ಅದು ನಿಮ್ಮ ತಪ್ಪಲ್ಲ. ನಿಮ್ಮ ತಂಡಕ್ಕಿರುವ 6 ಟಚ್‌ಗಳಲ್ಲಿ ಒಂದು ಖರ್ಚಾಯಿತು, ಅಷ್ಟೆ. ಆದರೆ ಆ ಕ್ಷಣದಿಂದ ಎಸೆಯುವ ಹಕ್ಕು ನಿಮಗಿರುವುದಿಲ್ಲ. ಟಚ್ ಆದ ಜಾಗಕ್ಕೇ ಮರಳಿ, ಎದುರು ತಂಡದ ಟ್ರೈ ಲೈನಿಗೆ (ಅಂಕಕ್ಕಾಗಿ ತಲುಪಬೇಕಾದ ಗೆರೆಗೆ) ಮುಖಮಾಡಿ ನಿಂತು, ಚೆಂಡನ್ನು ಎರಡು ಪಾದಗಳ ನಡುವೆ ನೆಲಕ್ಕಿಟ್ಟು ಅದನ್ನು ದಾಟಬೇಕು, ಇಲ್ಲವೇ ಹಿಂದಕ್ಕೆ 1 ಮೀಟರ್ ಮೀರದಂತೆ ಉರುಳಿಸಬೇಕು. ಇದೇ ರೋಲ್‌ಬಾಲ್. ಟಚ್ ಆದ ಮೇಲೂ ಓಟದ ರಭಸದಲ್ಲಿ ಎರಡು ಹೆಜ್ಜೆ ಮುಂದೆ ಹೋಗಿ ಅಲ್ಲಿಯೇ ಚೆಂಡಿಟ್ಟರೆ ಅದಕ್ಕೂ ಪೆನಾಲ್ಟಿ ಬೀಳುತ್ತದೆ. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂಬುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಹೀಗೆ ಉರುಳಿಬಂದ ಚೆಂಡನ್ನು ಎತ್ತಿಕೊಳ್ಳುವವರನ್ನು ಹಾಫ್ ಎನ್ನುತ್ತಾರೆ. ಹಾಫ್ ಓಡಬಹುದು, ಎಸೆಯಬಹುದು. ಆದರೆ ಚೆಂಡು ಕೈಯಲ್ಲಿರುವಾಗ ಎದುರಾಳಿ ಮುಟ್ಟಿದರೆ ಚೆಂಡು ಎದುರು ತಂಡದ ಪಾಲಾಗುತ್ತದೆ, ಗೆರೆ ದಾಟಿ ಊರಿದರೂ ಟಚ್‌ಡೌನ್ ಆಗುವುದಿಲ್ಲ. ನಿಮಗೆ ಆ 1 ಅಂಕ ದಕ್ಕದಿದ್ದುದಕ್ಕೆ ಕಾರಣ ಇದೇ. ನೀವು ಜೊತೆಗಾರ್ತಿಗೆ ಎಸೆದು, ಅವರು ಊರಿದ್ದರೆ ಅಂಕ ಖಂಡಿತ ಸಿಗುತ್ತಿತ್ತು.

ಹತ್ತು ವರ್ಷ ಆಡಿದವನು:
ರೆಫರಿಯವರ ಮಾತಿಗೆ ರಕ್ಷಣೆಯ ಕಡೆಯಿಂದ ಒಂದು ಮಾತು ಸೇರಿಸುತ್ತೇನೆ. ಮುಟ್ಟುವುದು ಸುಲಭ, ಮುಟ್ಟಿದ ಮೇಲೆ ಹಿಂದೆ ಸರಿಯುವುದೇ ಕಷ್ಟದ ಕೆಲಸ. ರೋಲ್‌ಬಾಲ್ ನಡೆಯುವ ಜಾಗದಿಂದ ರಕ್ಷಣೆಯ ತಂಡದ ಎಲ್ಲರೂ ಹಿಂದೆ ಸರಿಯಬೇಕು: ಹಳೆಯ ನಿಯಮದಲ್ಲಿ 5 ಮೀಟರ್ ಇದ್ದದ್ದು 2020ರ ಅಂತರರಾಷ್ಟ್ರೀಯ ನಿಯಮಾವಳಿಯಲ್ಲಿ 7 ಮೀಟರ್ ಆಗಿದೆ. ನಿಮ್ಮಲ್ಲಿ ಯಾವುದು ಚಾಲ್ತಿಯಲ್ಲಿದೆ ಎಂದು ಆಟಕ್ಕೆ ಮೊದಲೇ ಕೇಳಿಕೊಳ್ಳಿ. ಪೆನಾಲ್ಟಿಯಾದರೆ 10 ಮೀಟರ್. ಮುಟ್ಟಿದ ಕೂಡಲೇ ಕೈ ಮೇಲೆತ್ತಿ ಟಚ್ ಎಂದು ಕೂಗಿ, ಚೆಂಡಿನಿಂದ ಕಣ್ಣು ಕೀಳದೆ, ಬೆನ್ನ ಕಡೆಗೆ ಚುರುಕಾಗಿ ಹೆಜ್ಜೆ ಹಾಕಬೇಕು. ಬೆನ್ನು ತಿರುಗಿಸಿ ಓಡಿದರೆ, ಹಾಫ್ ನಿಮ್ಮನ್ನು ದಾಟಿ ಹೋದದ್ದು ನಿಮಗೆ ಗೊತ್ತೇ ಆಗುವುದಿಲ್ಲ. ಪೂರ್ತಿ ಹಿಂದೆ ಸರಿಯದವರು ಮುಂದಿನ ಟಚ್ ಮಾಡಿದರೆ ಅದು ಆಫ್‌ಸೈಡ್, ಅಂದರೆ ಇರಬಾರದ ಜಾಗದಿಂದ ಆಡಿದ ತಪ್ಪು.

ಇನ್ನೊಂದು, ತಳ್ಳುವುದಾಗಲಿ ಬಾರಿಸುವುದಾಗಲಿ ಸಲ್ಲದು. ಸಾಧ್ಯವಾದಷ್ಟು ಕಡಿಮೆ ಬಲದಿಂದ ಮುಟ್ಟಬೇಕೆಂಬುದು ನಿಯಮವೇ ಆಗಿದೆ. ಬಗೆಬಗೆಯ ವಯಸ್ಸಿನವರು, ಹೆಂಗಸರು ಗಂಡಸರು ಒಂದೇ ತಂಡದಲ್ಲಿ ಆಡಲು ಸಾಧ್ಯವಾಗಿರುವುದು ಇದರಿಂದಲೇ ಎಂದು ನಾನು ಮನಃಪೂರ್ವಕ ನಂಬಿದ್ದೇನೆ.

ಹೊಸ ಆಟಗಾರ್ತಿ:
ಇಬ್ಬರಿಗೂ ಧನ್ಯವಾದಗಳು, ಹಾಫ್ ಬಗ್ಗೆ ನನಗೆ ಏನೂ ತಿಳಿದಿರಲಿಲ್ಲ. ಇನ್ನೊಂದೇ ಸಂದೇಹ: ಚೆಂಡು ಕೈಜಾರಿ ನೆಲಕ್ಕೆ ಬಿದ್ದರೆ ಏನಾಗುತ್ತದೆ? ಎದುರಾಳಿಯೇ ತಟ್ಟಿ ಬೀಳಿಸಿದರೆ?

ಹಿರಿಯ ರೆಫರಿ:
ನಿಮ್ಮ ಕೈಯಿಂದಲೇ ಜಾರಿ ನೆಲ ಮುಟ್ಟಿದರೆ ಚೆಂಡು ಎದುರು ತಂಡಕ್ಕೆ ಹೋಗುತ್ತದೆ. 6ನೆಯ ಟಚ್ ಆದಾಗಲೂ ಹಾಗೆಯೇ, ಅವರು ರೋಲ್‌ಬಾಲ್‌ನಿಂದ ಆಟ ಮುಂದುವರಿಸುತ್ತಾರೆ. ಆದರೆ ನೀವು ಎಸೆದ ಚೆಂಡನ್ನು ತಡೆಯಲು ಎದುರಾಳಿ ಬೇಕೆಂದೇ ಕೈಹಾಕಿ, ಅದು ಮತ್ತೆ ನಿಮ್ಮವರ ಕೈಸೇರಿದರೆ, ಟಚ್‌ಗಳ ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಅಂಥ ಹೊತ್ತಿನಲ್ಲಿ ಸೀಟಿಗಾಗಿ ಕಾಯದೆ ಆಟ ಮುಂದುವರಿಸಿ. ನಿಮಗೆ ಮತ್ತೆ ಪೂರ್ತಿ 6 ಟಚ್‌ಗಳಿರುತ್ತವೆ.