ಹಳೆ ಹುಲ್ಲು ಕಟರ್ ಚೋಕ್ ತೆಗೆದರೆ ಬಂದ್ ಆಗ್ತಿದೆ, ಕಾರ್ಬೋರೇಟರ್ ಹೋಯ್ತಾ?

ಪ್ರಶ್ನೆ (ಆಳಂದ ತಾಲ್ಲೂಕು):
ನಮಸ್ಕಾರ್ರೀ ಅಣ್ಣಾ. ನಮ್ಮದು ಹಳೆ ಟೂ ಸ್ಟ್ರೋಕ್ ಪೆಟ್ರೋಲ್ ಕಟರ್. ನೈಲಾನ್ ದಾರದ ಹೆಡ್ ಹಾಕಿ ತೊಗರಿ ಹೊಲದ ಬದುವಿನ ಹುಲ್ಲು ಹೊಡೀತೀವಿ. ದೀಪಾವಳಿ ಆದ ಮೇಲೆ ಮುಟ್ಟಿರಲಿಲ್ಲ, ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಇತ್ತು. ಈಗ ಮಳೆ ಬಿದ್ದು ಬದು ತುಂಬಾ ಹುಲ್ಲು. ಚೋಕ್ ಹಾಕಿ ಎಳೆದರೆ ಸ್ಟಾರ್ಟ್ ಆಗುತ್ತದೆ, ಚೋಕ್ ತೆಗೆದು ರೇಸ್ ಕೊಟ್ಟರೆ ಬಂದ್. ಟ್ಯಾಂಕಿನ ಹತ್ತಿರ ಪೆಟ್ರೋಲ್ ಜಿನುಗುತ್ತದೆ. ಒಂದು ಅಂಗಡಿಯಲ್ಲಿ ಬಿಚ್ಚಿ ನೋಡದೆಯೇ ಕಾರ್ಬೋರೇಟರ್ ಹೋಗಿದೆ, ಹೊಸದು ಹಾಕಿ ಅಂದರು. ಹೌದಾ?

ಉತ್ತರ (ಮೆಕ್ಯಾನಿಕ್, ಕಲಬುರಗಿ):
ಇರಿ, ಈಗಲೇ ದುಡ್ಡು ಕೊಡಬೇಡಿ. ಪೆಟ್ರೋಲ್ ಜಿನುಗುತ್ತದೆ ಅಂತ ನೀವೇ ಹೇಳಿದ್ದೀರಲ್ಲ, ಪೆಟ್ರೋಲ್ ಹೊರಗೆ ಬರುವ ಬಿರುಕಿನಿಂದಲೇ ಇಂಜಿನ್ ಎಳೆಯುವಾಗ ಗಾಳಿ ಒಳಗೆ ಹೋಗುತ್ತದೆ. ಚೋಕ್ ಹಾಕಿದಾಗ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ, ಅದಕ್ಕೇ ಹೇಗೋ ಓಡುತ್ತದೆ. ತೆಗೆದ ಕೂಡಲೇ ಪೆಟ್ರೋಲ್ ಸಾಲುವುದಿಲ್ಲ.

ಮೊದಲು ಹಳೆ ಪೆಟ್ರೋಲ್ ಒಂದು ಗಾಜಿನ ಬಾಟಲಿಗೆ ಸುರಿದು ಸ್ವಲ್ಪ ಹೊತ್ತು ಇಡಿ. ಕೆಳಗೆ ಬೇರೆ ಪದರ ಕಂಡರೆ ನೀರು ಸೇರಿದೆ ಅಂತ ಅರ್ಥ. ಈಗ ಬಂಕಿನಲ್ಲಿ ಸಿಗುವುದು ಶೇ. 20 ಎಥೆನಾಲ್ ಇರುವ ಪೆಟ್ರೋಲ್, ಎಥೆನಾಲ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಹಳೆ ರಬ್ಬರನ್ನೂ ಹಾಳು ಮಾಡುತ್ತದೆ. ಹಳೆ ಮಷಿನ್‌ಗಳ ಕೈಪಿಡಿ ತೆಗೆದು ನೋಡಿ, ಶೇ. 10ಕ್ಕಿಂತ ಜಾಸ್ತಿ ಬೇಡ ಅಂತಲೇ ಬರೆದಿರುತ್ತಾರೆ. ಆದರೆ ನಮಗೆ ಬೇರೆ ಪೆಟ್ರೋಲ್ ಎಲ್ಲಿ ಸಿಗಬೇಕು? ಅದಕ್ಕೇ ಟ್ಯಾಂಕಿನಲ್ಲಿ ಬಿಟ್ಟು ಮರೆಯಬಾರದು, ಅಷ್ಟೇ.

ಆಮೇಲೆ ಪೈಪ್. ಟ್ಯಾಂಕಿನೊಳಗೆ ಹೋಗುವ ಕಡೆ, ರಬ್ಬರ್ ಬುಷ್ ಹತ್ತಿರ, ಪೈಪನ್ನು ಮೆಲ್ಲಗೆ ಬಗ್ಗಿಸಿ ನೋಡಿ. ಹಳೆಯದಾದರೆ ಒಣಗಿದ ತೊಗರಿ ಕಟ್ಟಿಗೆ ಹಾಗೆ ಪಟ್ಟನೆ ಮುರಿಯುತ್ತದೆ. ಎರಡು ಪೈಪ್ ಇರುತ್ತವೆ. ಒಂದರ ತುದಿಗೆ ಟ್ಯಾಂಕಿನೊಳಗೆ ಸಣ್ಣ ಫಿಲ್ಟರ್, ಅದು ಕಾರ್ಬೋರೇಟರಿಗೆ ಪೆಟ್ರೋಲ್ ಒಯ್ಯುತ್ತದೆ. ಇನ್ನೊಂದು, ಸ್ಟಾರ್ಟ್ ಮಾಡುವ ಮುಂಚೆ ಪೆಟ್ರೋಲ್ ಎಳೆಯಲು ಬೆರಳಿನಿಂದ ಒತ್ತುತ್ತೀವಲ್ಲ, ಆ ರಬ್ಬರ್ ಬಲ್ಬಿನಿಂದ ಟ್ಯಾಂಕಿಗೆ ವಾಪಸ್ ಬರುವುದು. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳಿ. ಅದಲು ಬದಲಾದರೆ ಬಲ್ಬ್ ಎಷ್ಟು ಒತ್ತಿದರೂ ಬರೀ ಗಾಳಿ. ಹೊಸ ಪೈಪಿನ ತುದಿ ಓರೆಯಾಗಿ ಕತ್ತರಿಸಿ, ಟ್ಯಾಂಕಿನ ತೂತಿಗೆ ತೂರಿಸಿ ಇಕ್ಕಳದಿಂದ ಒಳಗಿಂದ ಎಳೆಯಿರಿ. ಅಂಗಡಿಗೆ ಹೋಗುವಾಗ ಹಳೆ ತುಂಡು ಜೊತೆಗಿರಲಿ, ಒಳಗಿನ ಮತ್ತು ಹೊರಗಿನ ಅಳತೆ ಎರಡೂ ಕೂಡಬೇಕು. ಫಿಲ್ಟರ್ ತೊಳೆಯುತ್ತಾ ಕೂಡಬೇಡಿ, ಹೊಸದೇ ಹಾಕಿ.

ಪ್ರಶ್ನೆ (ಆಳಂದ):
ಬಾಟಲಿಯಲ್ಲಿ ನೀರು ಕಾಣಲಿಲ್ಲ. ಆದರೆ ಪೈಪ್ ನೀವು ಹೇಳಿದ ಜಾಗದಲ್ಲೇ ಮುರಿದು ಕೈಗೆ ಬಂತು ಅಣ್ಣಾ. ಎರಡೂ ಪೈಪ್, ಫಿಲ್ಟರ್ ಬದಲಿಸಿದೆ. ಈಗ ಚೋಕ್ ಇಲ್ಲದೆ ಓಡುತ್ತದೆ, ಜಿನುಗುವುದೂ ನಿಂತಿದೆ. ಆದರೆ ಸ್ವಲ್ಪ ಹೊತ್ತು ಹುಲ್ಲು ಹೊಡೆದ ಮೇಲೆ ದಮ್ ಹೋಗಿ ನಿಲ್ಲುತ್ತದೆ. ಸುಮ್ನೆ ಬಿಟ್ಟು ಮತ್ತೆ ಎಳೆದರೆ ಸ್ಟಾರ್ಟ್.

ಉತ್ತರ:
ಅದು ಟ್ಯಾಂಕಿಗೆ ಉಸಿರು ಕಟ್ಟಿರೋದು. ಪೆಟ್ರೋಲ್ ಖಾಲಿ ಆದಷ್ಟು ಗಾಳಿ ಒಳಗೆ ಬರಬೇಕಲ್ವಾ? ಆ ಗಾಳಿಯ ದಾರಿ ಮುಚ್ಚಳದಲ್ಲೇ ಇರಬಹುದು, ಬೇರೆ ಸಣ್ಣ ಪೈಪಾಗಿಯೂ ಇರಬಹುದು. ನಮ್ಮ ಕರಿಮಣ್ಣಿನ ಧೂಳು ಎಣ್ಣೆಗೆ ಅಂಟಿ ಅದನ್ನು ಮುಚ್ಚಿಬಿಡುತ್ತದೆ. ಮುಂದಿನ ಸಲ ನಿಂತಾಗ, ಇಂಜಿನ್ ಸ್ವಲ್ಪ ಆರಲಿ, ಆಮೇಲೆ ಮುಚ್ಚಳ ನಿಧಾನಕ್ಕೆ ಸಡಿಲಿಸಿ. ಸುಯ್ ಅಂತ ಗಾಳಿ ಒಳಗೆ ಎಳೆದುಕೊಂಡು, ಮತ್ತೆ ಸರಿಯಾಗಿ ಓಡಿದರೆ ರೋಗ ಅದೇ. ಬಿಸಿ ಇರುವಾಗ ಮಾತ್ರ ಬೇಡ, ಬಿಸಿಲಲ್ಲಿ ಕಾದ ಟ್ಯಾಂಕ್ ಪೆಟ್ರೋಲನ್ನು ಮುಖಕ್ಕೇ ಎರಚುತ್ತದೆ. ಹತ್ತಿರ ಬೀಡಿ ಸೇದುವವರಿದ್ದರೆ ದೂರ ಕಳಿಸಿ.

ಪ್ರಶ್ನೆ (ಭಾಲ್ಕಿ):
ಸರ್, ನನ್ನದರಲ್ಲಿ ಪೈಪ್ ಸರಿ ಇದೆ, ಮುಚ್ಚಳ ತೆಗೆದರೂ ಅದೇ ಹಾಡು. ಕಾರ್ಬೋರೇಟರಿನ ಸ್ಕ್ರೂ ಸ್ವಲ್ಪ ತಿರುಗಿಸಿದರೆ ಆಗುತ್ತದೆ ಅಂತ ಗೆಳೆಯ ಹೇಳುತ್ತಾನೆ.

ಉತ್ತರ:
ಗೆಳೆಯನ ಕೈಗೆ ಸ್ಕ್ರೂಡ್ರೈವರ್ ಕೊಡಬೇಡಿ. ಎಚ್ ಅಂತ ಬರೆದ ಸ್ಕ್ರೂ ಬಿಗಿಯಾದರೆ ಪೆಟ್ರೋಲ್ ಕಡಿಮೆ ಆಗುತ್ತದೆ. ಟೂ ಸ್ಟ್ರೋಕಿಗೆ ಎಣ್ಣೆ ಹೋಗುವುದೂ ಪೆಟ್ರೋಲ್ ಜೊತೆಗೇ, ಆದ್ದರಿಂದ ಫುಲ್ ರೇಸಿನಲ್ಲಿ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಆಗ ಕಾರ್ಬೋರೇಟರ್ ಅಲ್ಲ, ಇಂಜಿನ್ನೇ ಹೋಯಿತು.

ನಿಮ್ಮದು ಬಿಚ್ಚಲೇಬೇಕು ಅನ್ನಿಸುತ್ತದೆ. ಕಾರ್ಬೋರೇಟರಿನ ಒಂದು ಬದಿಯ ಮುಚ್ಚಳ ತೆಗೆದರೆ ತೆಳ್ಳನೆ ಪರದೆ ಸಿಗುತ್ತದೆ, ಡಯಾಫ್ರಾಮ್ ಅಂತಾರೆ. ಬೆರಳಿನಿಂದ ಒತ್ತಿದರೆ ಬಟ್ಟೆಯಷ್ಟು ಮೆತ್ತಗಿರಬೇಕು. ಗಟ್ಟಿಯಾಗಿ ಚಟ್ ಅಂದರೆ ಅದರ ಕಥೆ ಮುಗಿಯಿತು. ಇನ್ನೊಂದು ಬದಿಯಲ್ಲಿ ಪಂಪಿನ ಪರದೆ, ಅದರ ಹಿಂದೆ ಹೆಸರು ಕಾಳಿಗಿಂತ ಚಿಕ್ಕ ಜಾಲರಿ. ಬಹಳ ಜನ ಈ ಜಾಲರಿ ನೋಡುವುದೇ ಇಲ್ಲ, ಕಸ ಇರುವುದು ಮಾತ್ರ ಅಲ್ಲೇ. ಕ್ಲೀನರ್ ಸ್ಪ್ರೇ ಹೊಡೆಯುವಾಗ ಪರದೆಗಳನ್ನು ಬೇರೆ ತೆಗೆದಿಡಿ, ತೂತುಗಳಿಗೆ ತಂತಿ ಚುಚ್ಚಬೇಡಿ. ಪರದೆ, ಪ್ಯಾಕಿಂಗ್ ಸೇರಿ ರಿಪೇರಿ ಕಿಟ್ ಅಂತ ಸಿಗುತ್ತದೆ, ಕಾರ್ಬೋರೇಟರ್ ಮೇಲಿನ ನಂಬರ್ ಹೇಳಿ ತೆಗೆದುಕೊಳ್ಳಿ. ಕಾರ್ಬೋರೇಟರ್ ಮತ್ತು ಇಂಜಿನ್ ನಡುವಿನ ಪ್ಯಾಕಿಂಗ್ ಕೂಡ ನೋಡಿ, ಪಂಪ್ ಓಡುವುದು ಇಂಜಿನ್ನಿನ ಒತ್ತಡ ಅದರ ಸಣ್ಣ ತೂತಿನಿಂದ ಬಂದರೆ ಮಾತ್ರ.

ಪ್ರಶ್ನೆ (ಶಹಾಪುರ):
ಎಣ್ಣೆ ಎಷ್ಟು ಹಾಕಬೇಕ್ರೀ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ:
ಮಷಿನ್ ಮೇಲೆ ಏನಿದೆ ಅದೇ. 50:1 ಅಂದರೆ ಲೀಟರಿಗೆ 20 ಎಂಎಲ್, 25:1 ಅಂದರೆ 40. ಟೂ ಸ್ಟ್ರೋಕ್ ಎಣ್ಣೆಯೇ ಆಗಬೇಕು, ಬೈಕಿನ ಇಂಜಿನ್ ಆಯಿಲ್ ಅಲ್ಲ. ನಿಮ್ಮ ಇಂಜಿನ್ನಿಗೆ ಎಣ್ಣೆ ಹಾಕಲು ಬೇರೆ ಮುಚ್ಚಳ ಇದ್ದರೆ ಅದು ಫೋರ್ ಸ್ಟ್ರೋಕ್ ಇರುತ್ತದೆ, ಸಾಮಾನ್ಯವಾಗಿ ಅದಕ್ಕೆ ಬರೀ ಪೆಟ್ರೋಲ್ ಸಾಕು.

ಪ್ರಶ್ನೆ (ಆಳಂದ):
ಮುಚ್ಚಳದ ತೂತೇ ಕಟ್ಟಿತ್ತು ಅಣ್ಣಾ. ತೊಳೆದು ಊದಿದೆ, ಒಂದು ಟ್ಯಾಂಕ್ ಪೂರಾ ಓಡಿತು. ಸೀಸನ್ ಮುಗಿದ ಮೇಲೆ ಹೇಗೆ ಇಡಬೇಕು?

ಉತ್ತರ:
ಟ್ಯಾಂಕ್ ಖಾಲಿ ಮಾಡಿ, ಸ್ಟಾರ್ಟ್ ಮಾಡಿ ತಾನೇ ಬಂದ್ ಆಗುವವರೆಗೆ ಓಡಿಸಿ. ತೆಗೆದ ಪೆಟ್ರೋಲನ್ನು ಕ್ಯಾನಿನಲ್ಲಿ ಮುಂದಿನ ವರ್ಷಕ್ಕೆ ಅಂತ ಇಡಬೇಡಿ.